ಮಲ್ಲಯ್ಯನ ದಾರಿ, ದೊರೆಗಳ ಬಾಗಿಲು: ಆದೋನಿಯಿಂದ ಶ್ರೀಶೈಲಕ್ಕೆ ಎಂಟು ದಿನ

ಮೊದಲ ದಿನ: ಆದೋನಿ, ಎಮ್ಮಿಗನೂರು

ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು. ಅವಳ ಗಂಡ ಮಲ್ಲಯ್ಯ, ಅಂದರೆ ಮಲ್ಲಿಕಾರ್ಜುನ, ಅಳಿಯ. ಯುಗಾದಿಗೆ ಮಗಳ ಮನೆಗೆ ಸೀರೆ, ಕುಬಸ, ಬಳೆ, ಅರಿಶಿನ ಕುಂಕುಮ, ಒಣಕೊಬ್ಬರಿ ಒಯ್ದು ಉಡಿ ತುಂಬಿ ಬರಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯಿಂದ ಲಕ್ಷಗಟ್ಟಲೆ ಜನ ಹೊರಡುವುದು ಇದಕ್ಕೇ. ಆದೋನಿ ತಾಲೂಕಿನ ನಮ್ಮೂರಿನಿಂದಲೂ ಪ್ರತಿ ವರ್ಷ ಒಂದು ಕಂಬಿ, ಅಂದರೆ ಮಲ್ಲಯ್ಯನ ಕಾವಡಿ ಹೊತ್ತ ಗುಂಪು, ಹೋಗುತ್ತದೆ. ಕನ್ನಡ ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಈ ಸಲ ನಾನೂ ಸೇರಿಕೊಂಡೆ. 22 ಜನ, ಅದರಲ್ಲಿ 9 ಜನ ಹೆಂಗಸರು. ಮುಂದೆ ಕಂಬಿ ಹೊತ್ತ ಹಿರಿಯರು, ಹಿಂದೆ ಬುತ್ತಿ, ಹಾಸಿಗೆ ಹೇರಿದ ಟ್ರ್ಯಾಕ್ಟರ್.

ನಮ್ಮಜ್ಜಿ 1952ರ ಯುಗಾದಿಗೆ ಇದೇ ದಾರಿ ನಡೆದಿದ್ದಳು. "ನಾವು ಹೋದಾಗ ನಮ್ದು ಬಳ್ಳಾರಿ ಜಿಲ್ಲಾ, ಮದ್ರಾಸ್ ಸರ್ಕಾರ ಇತ್ತವ್ವಾ" ಎನ್ನುತ್ತಿದ್ದಳು. ಮರುವರ್ಷ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಅಜ್ಜಿಗೆ ಇದು ತಟ್ಟಿದ್ದು ಜಮೀನಿನ ಪಟ್ಟಾ ಪುಸ್ತಕದ ತೆಲುಗು ಅಕ್ಷರ ತನಗೆ ಓದಲು ಬಾರದಾದಾಗ.

ಮಕ್ಕಳಿಗೆ ಮೂವತ್ತು ವರ್ಷ ರಾಜರ ಪಾಠ ಮಾಡಿದವಳು ನಾನು. ಯಾವ ರಾಜ ಎಲ್ಲಿ ಗೆದ್ದ ಎಂದು ಹೇಳಿದೆ. ನಮ್ಮ ಮನೆಯ ಹೆಂಗಸರು ನಡೆದ ದಾರಿಯಲ್ಲಿ ಆ ರಾಜರು ಏನು ಮಾಡಿ ಹೋದರು ಎಂಬುದನ್ನು ಒಮ್ಮೆಯೂ ಹೇಳಲಿಲ್ಲ. ಅದಕ್ಕೇ ಈ ಸಲ ಚೀಲದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡೆ.

ಎಮ್ಮಿಗನೂರು ನೇಕಾರರ ಊರು. ಸಂಜೆ ಕಾಲು ತೊಳೆದುಕೊಂಡವಳೇ ಮಗ್ಗದ ಓಣಿಗೆ ಹೋಗಿ ಹಸಿರು ಒಡಲು, ಕೆಂಪು ಅಂಚಿನ ನೂಲಿನ ಸೀರೆ ತಂದೆ. ಅಜ್ಜಿ ಒಯ್ದದ್ದೂ ಇದೇ ಬಣ್ಣದ್ದು ಎಂದು ಅವ್ವ ಹೇಳಿದ್ದಳು.

ಎರಡನೆಯ ದಿನ: ಗೋನೆಗಂಡ್ಲ, ಕೋಡುಮೂರು

ಬಿಸಿಲು, ಟಾರು, ಬೊಬ್ಬೆ. ಬರೆಯಲು ಹೆಚ್ಚೇನಿಲ್ಲ. ದಾರಿಯಲ್ಲಿ ಮಜ್ಜಿಗೆಯ ಪೆಂಡಾಲುಗಳು ಒಂದಾದ ಮೇಲೊಂದು. ಒಂದೊಂದರ ಮೇಲೂ ನಾಯಕರ ಮುಖ ಇರುವ ಫ್ಲೆಕ್ಸ್. ಮಲ್ಲಯ್ಯನ ಚಿತ್ರ ಮೂಲೆಯಲ್ಲಿ ಅಂಗೈಯಗಲ. ಮಜ್ಜಿಗೆ ಕೊಟ್ಟ ಹುಡುಗರ ಮೇಲೆ ನನಗೆ ಪ್ರೀತಿಯೇ ಹೆಚ್ಚು, ಬಿಸಿಲಲ್ಲಿ ನಿಂತು ಕೈ ಹಿಡಿದು ಕುಡಿಸಿದರು. ಆದರೆ ದಾಸೋಹ ಎಂದರೆ ಕೊಟ್ಟವನ ಹೆಸರು ಕೊಟ್ಟ ಮೇಲೆ ಉಳಿಯಬಾರದು ಎಂದು ಕೇಳಿ ಬೆಳೆದವರು ನಾವು. ಮನಸ್ಸಿಗೆ ಕಸಿವಿಸಿಯಾಯಿತು.

ಮೂರನೆಯ ದಿನ: ಕರ್ನೂಲು

ಮಧ್ಯಾಹ್ನದ ಹೊತ್ತಿಗೆ ಕೊಂಡಾರೆಡ್ಡಿ ಬುರುಜು ಕಂಡಿತು. ತುಂಗಭದ್ರೆಯಲ್ಲಿ ನೀರು ಗೆರೆಯಷ್ಟೇ. ಗುಂಪಿನವರು ಛತ್ರದಲ್ಲಿ ಮಲಗಿದರು, ನಾನು ಬುರುಜಿನ ನೆರಳಲ್ಲಿ ಕೂತು ಬರೆದೆ.

ಈ ಊರನ್ನು ದಾಟದೆ ನಮ್ಮವರು ಮಲ್ಲಯ್ಯನ ಹತ್ತಿರ ಹೋದದ್ದಿಲ್ಲ. 1800ರಲ್ಲಿ ನಿಜಾಮ ಬಳ್ಳಾರಿ, ಆದೋನಿ, ಕಡಪದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಅದಕ್ಕೆ ಹೆಸರಾಯಿತು. ಕರ್ನೂಲು ಮಾತ್ರ ನವಾಬರ ಕೈಯಲ್ಲೇ ಉಳಿಯಿತು, ಶ್ರೀಶೈಲವೂ ಅವರ ಸೀಮೆಯೊಳಗೇ. ಅಂದರೆ ಸುಮಾರು ನಲವತ್ತು ವರ್ಷ ಕಾಲ ಆದೋನಿಯ ಕಂಬಿ ಕಂಪನಿಯ ನೆಲದಲ್ಲಿ ಎದ್ದು ನವಾಬನ ನೆಲದಲ್ಲಿ ಇಳಿಯುತ್ತಿತ್ತು. 1839ರಲ್ಲಿ, ಕೋಟೆಯಲ್ಲಿ ಗುಟ್ಟಾಗಿ ಮದ್ದುಗುಂಡು ಕೂಡಿಟ್ಟಿದ್ದಾನೆ ಎಂಬ ಆರೋಪ ಹೊರಿಸಿ ಕಂಪನಿ ಕೊನೆಯ ನವಾಬ ಗುಲಾಂ ರಸೂಲ್ ಖಾನನನ್ನು ಇಳಿಸಿತು.

ಆಮೇಲಿನ ಕಥೆ ನನಗೆ ಹೆಚ್ಚು ಮುಖ್ಯ. ಕಂಪನಿ ಅಷ್ಟರಲ್ಲಾಗಲೇ ದೊಡ್ಡ ದೊಡ್ಡ ಗುಡಿಗಳ ವರಮಾನಕ್ಕೆ ಕೈ ಹಾಕಿತ್ತು. ತಿರುಪತಿಯ ಆಡಳಿತ 1843ರವರೆಗೆ ಅದರ ಕೈಯಲ್ಲೇ ಇತ್ತು. ವಿಗ್ರಹಾರಾಧನೆಯ ಹಣ ಕ್ರೈಸ್ತ ಸರ್ಕಾರಕ್ಕೆ ಸಲ್ಲದು ಎಂದು ಇಂಗ್ಲೆಂಡಿನಲ್ಲಿ ಪಾದ್ರಿಗಳು ಗದ್ದಲ ಎಬ್ಬಿಸಿದ ಮೇಲೆ ಒಂದೊಂದೇ ಗುಡಿಯನ್ನು ಮಠ ಮಹಂತರಿಗೆ ಒಪ್ಪಿಸುತ್ತ ಬಂದರು. ತಿರುಪತಿ ಹಾಥಿರಾಮ್‌ಜಿ ಮಠಕ್ಕೆ ಹೋಯಿತು, ಶ್ರೀಶೈಲ ಪುಷ್ಪಗಿರಿ ಮಠಕ್ಕೆ. ನಡೆದು ಬರುವ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಸ್ವಾತಂತ್ರ್ಯದ ಸುಮಾರಿಗೆ ಶ್ರೀಶೈಲ ಸರ್ಕಾರದ ಕೈಗೆ ಬಂತು. ಈಗ ಗುಡಿಯ ಲೆಕ್ಕ ನೋಡುವವರು ದೇವಾದಾಯ ಇಲಾಖೆಯ ಕಾರ್ಯನಿರ್ವಾಹಕ ಅಧಿಕಾರಿ.

ಇದೇ ಕರ್ನೂಲು 1953ರಿಂದ 1956ರವರೆಗೆ ಆಂಧ್ರ ರಾಜ್ಯದ ರಾಜಧಾನಿಯೂ ಆಗಿತ್ತು. ಬುರುಜಿನ ಹತ್ತಿರ ಸೋಡಾ ಮಾರುವ ಮುದುಕರು, "ಮೀರು ಕನ್ನಡಂ ವಾಳ್ಳಾ?" ಎಂದು ಕೇಳಿದರು. ಹೌದೆಂದೆ. "ಅಯಿತೇ ಅಮ್ಮವಾರಿ ಪುಟ್ಟಿಂಟಿ ವಾಳ್ಳು" ಎಂದು ಸೋಡಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಮ್ಮನ ತವರಿನವರು! ಆ ಒಂದು ಮಾತಿಗೆ ಕಾಲುನೋವು ಅರ್ಧ ಇಳಿಯಿತು.

ನಾಲ್ಕನೆಯ ದಿನ: ನಂದಿಕೊಟ್ಕೂರು

ನಂದಿಕೊಟ್ಕೂರು ಬರುವ ಹೊತ್ತಿಗೆ ಜಿಲ್ಲೆ ಬದಲಾಗಿತ್ತು. 2022ರ ಏಪ್ರಿಲ್‌ನಲ್ಲಿ ಕರ್ನೂಲನ್ನು ಒಡೆದು ನಂದ್ಯಾಲ ಜಿಲ್ಲೆ ಮಾಡಿದರು, ಶ್ರೀಶೈಲ ಈಗ ಅದರೊಳಗೆ. ಅಜ್ಜಿ ಬಿಟ್ಟ ಜಿಲ್ಲೆ ಬಳ್ಳಾರಿ, ನಾನು ಬಿಟ್ಟದ್ದು ಕರ್ನೂಲು.

ಇಲ್ಲಿಂದ ಮುಂದೆ ದಾರಿ ತುಂಬ ಕನ್ನಡವೇ. ಮರಗಾಲು ಕಟ್ಟಿಕೊಂಡು ಬೆಳಗಾವಿ ಕಡೆಯಿಂದ ಬಂದ ಇಬ್ಬರು ಹುಡುಗರು ಸಿಕ್ಕರು. ಮರದ ಕಾಲಿನ ಮೇಲೆ ನೂರಾರು ಮೈಲಿ! "ಕೂಡಬೇಕಂದ್ರ ಗ್ವಾಡಿನೋ ಗಾಡಿನೋ ಹುಡುಕಬೇಕು ನೋಡ್ರಿ ಅಕ್ಕಾರ" ಎಂದ ಒಬ್ಬ, ಲಾರಿಯ ಬಾನೆಟ್ಟಿನ ಮೇಲೆ ಕೂತು ಚಹಾ ಕುಡಿಯುತ್ತ.

ರಾತ್ರಿ ಹಿರಿಯರೊಬ್ಬರು, "ಮಲ್ಲಯ್ಯನ ದಾರಿಗೆ ಮೊದಲು ಬಂದ ಕನ್ನಡದ ದೊರೆ ಯಾರು, ಟೀಚರಮ್ಮಾ?" ಎಂದು ಕೇಳಿದರು. ನನಗೆ ನೆನಪಾದವನು ಕದಂಬರ ಮಯೂರಶರ್ಮ. ಕಂಚಿಯಲ್ಲಿ ಪಲ್ಲವರ ಕುದುರೆಯವನಿಂದ ಅವಮಾನವಾಗಿ ಶಾಸ್ತ್ರ ಬಿಟ್ಟು ಕತ್ತಿ ಹಿಡಿದ ಅವನು, ಗಡಿ ಕಾವಲಿನವರನ್ನು ಗೆದ್ದು ಶ್ರೀಪರ್ವತದ, ಅಂದರೆ ಇದೇ ಶ್ರೀಶೈಲದ, ಬಾಗಿಲವರೆಗಿನ ದುರ್ಗಮ ಕಾಡನ್ನು ಹಿಡಿದ, ಬೃಹದ್ಬಾಣ ಅರಸರಿಂದ ಕಪ್ಪ ಕಟ್ಟಿಸಿಕೊಂಡ ಎಂದು ತಾಳಗುಂದದ ಶಾಸನ ಹೇಳುತ್ತದೆ. ಕವಿ ಬರೆದ ಮಾತು 'ಶ್ರೀಪರ್ವತದ್ವಾರ'. ಈ ಬೆಟ್ಟಕ್ಕೆ ತ್ರಿಪುರಾಂತಕ, ಸಿದ್ಧವಟ, ಆಲಂಪುರ, ಉಮಾಮಹೇಶ್ವರ ಎಂದು ನಾಲ್ಕು ದ್ವಾರಗಳು ಎಂಬ ಎಣಿಕೆ ಇಂದಿಗೂ ಇದೆ. ಬಾಗಿಲು ಹಿಡಿದವನಿಗೆ ಕಾಡೂ ಕೈಗೆ ಬಂತು, ಕಪ್ಪವೂ ಬಂತು. ಸಾವಿರದ ಆರುನೂರು ವರ್ಷದ ಹಿಂದೆಯೇ ಇದು ಅರಸರಿಗೆ ಗೊತ್ತಿತ್ತು.

ಐದನೆಯ ದಿನ: ಆತ್ಮಕೂರು

ಜೂಪಾಡು ಬಂಗ್ಲಾ ದಾಟಿ ಆತ್ಮಕೂರಿಗೆ ಬರುವಷ್ಟರಲ್ಲಿ ಸೂರ್ಯ ಮುಳುಗಿದ್ದ. ನಮ್ಮ ಗುಂಪಿನ ಒಬ್ಬಾಕೆ ಹಿಂದೆಯೇ ಉಳಿದು ಟ್ರ್ಯಾಕ್ಟರ್ ಹತ್ತಿದಳು, ಕಾಲು ಬಾತಿತ್ತು.

ಉಳಿದುಕೊಂಡ ಮನೆಯ ಯಜಮಾನಿ ಮುಳುಗಡೆಯವರು. ಶ್ರೀಶೈಲ ಅಣೆಕಟ್ಟಿಗೆ 1963ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1981ರಲ್ಲಿ ಕೃಷ್ಣೆಯ ಎರಡೂ ದಂಡೆಯ 100ಕ್ಕೂ ಹೆಚ್ಚು ಹಳ್ಳಿಗಳನ್ನು ಖಾಲಿ ಮಾಡಿಸಿದರು. ಒಕ್ಕಲೆಬ್ಬಿಸಲು ಮನೆಗಳನ್ನು ಕೆಡವಿದರು. ಆಕೆ ಆಗ ಹನ್ನೆರಡರ ಹುಡುಗಿಯಂತೆ. "ತೊಟ್ಟಿಲು ಹೊರಗೆ ತರುವುದರೊಳಗೆ ಗೋಡೆ ಬಿತ್ತು" ಎಂದಷ್ಟೇ ಹೇಳಿ ಅನ್ನ ಬಡಿಸಲು ಎದ್ದರು. ಊರಿಗೆ ಸಿಕ್ಕ ಗಮನಕ್ಕಿಂತ ಗುಡಿಗಳಿಗೆ ಹೆಚ್ಚು ಗಮನ ಸಿಕ್ಕಿತು ಎಂದು ನನಗನ್ನಿಸುತ್ತದೆ. ಕೂಡವೆಲ್ಲಿಯ ಸಂಗಮೇಶ್ವರನ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ಬಿಚ್ಚಿದ ಒಂದು ಊರನ್ನು ಹಾಗೆ ಕಟ್ಟಿದ್ದು ನಾನು ಕೇಳಿಲ್ಲ.

ಕೆಲವು ಗುಡಿಗಳು ಇದ್ದಲ್ಲೇ ಮುಳುಗಿದವು. ಆತ್ಮಕೂರಿನ ಆಚೆ, ಏಳು ನದಿ ಕೂಡುತ್ತವೆ ಎನ್ನುವ ಸಂಗಮೇಶ್ವರಂ ವರ್ಷದ ಬಹುಪಾಲು ನೀರೊಳಗೇ ಇದ್ದು, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಾತ್ರ ತಲೆ ಎತ್ತುತ್ತದೆ. ನಿವೃತ್ತಿ ಸಂಗಮ ಎಂದೂ ಅದಕ್ಕೆ ಹೆಸರು. 1677ರಲ್ಲಿ ಗೋಲಕೊಂಡದ ಕುತುಬ್‌ಶಾಹನ ಜೊತೆ ಒಪ್ಪಂದ ಮಾಡಿಕೊಂಡು ದಕ್ಷಿಣಕ್ಕೆ ಹೊರಟ ಶಿವಾಜಿ ಅಲ್ಲಿ ಮಿಂದು ಶ್ರೀಶೈಲಕ್ಕೆ ಬಂದ ಎಂದು ಬಖರು ಎಂಬ ಹಳೆಯ ಮರಾಠಿ ಚರಿತ್ರೆಗಳು ಹೇಳುತ್ತವೆ. ಈಗ ಅಲ್ಲಿ ಮೀಯಬೇಕೆಂದರೆ ಯಾವ ತಿಂಗಳು ಎಂಬುದನ್ನು ಅಣೆಕಟ್ಟಿನ ಗೇಟು ಹೇಳಬೇಕು.

ಆರನೆಯ ದಿನ: ವೆಂಕಟಾಪುರಂ, ನಾಗಲೂಟಿ

ವೆಂಕಟಾಪುರಂ ಕಳೆದರೆ ನಲ್ಲಮಲದ ಕಾಡು. ಟ್ರ್ಯಾಕ್ಟರ್ ಇಲ್ಲಿಗೆ ಮುಗಿಯಿತು. ಅರಣ್ಯ ಇಲಾಖೆಯವರು ಚೀಲ ತಡಕಿ ಬೆಂಕಿಪೊಟ್ಟಣ, ಪ್ಲಾಸ್ಟಿಕ್ ಎತ್ತಿಟ್ಟುಕೊಂಡರು. 1978ರಲ್ಲಿ ಅಭಯಾರಣ್ಯ, 1983ರಿಂದ ಹುಲಿ ಯೋಜನೆ. ಶಿವರಾತ್ರಿಗೆ ಒಮ್ಮೆ, ಯುಗಾದಿಗೆ ಒಮ್ಮೆ ಕೆಲವು ದಿನ ಮಾತ್ರ ಈ ಕಾಲುದಾರಿ ತೆರೆಯುತ್ತಾರೆ. ಇದಕ್ಕೆ ನನ್ನ ತಕರಾರಿಲ್ಲ. ಲಕ್ಷ ಜನ ನಡೆದ ಮೇಲೆ ಕಾಡಿನ ಅಂಚಿನಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಕಪ್ಪು, ಕವರು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಆದರೆ ಈ ಕಾಡಿನಲ್ಲಿ ಮನೆ ಮಾಡಿಕೊಂಡವರಿದ್ದಾರೆ. ನಾಗಲೂಟಿಯ ವೀರಭದ್ರನ ಗುಡಿಯ ಹತ್ತಿರ ಕಾಡಿನ ಬುಡಕಟ್ಟಿನವರಾದ ಚೆಂಚುಗಳ ಗೂಡೆಂ, ಅಂದರೆ ಹಾಡಿ, ಇದೆ. ಮಲ್ಲಯ್ಯ ಅವರಿಗೆ ಚೆಂಚು ಮಲ್ಲಯ್ಯ, ಅವರ ಹುಡುಗಿಯನ್ನು ಕಂಡು ಮನಸೋತು ಮದುವೆಯಾದ ಅಳಿಯ. ನಮಗೂ ಅಳಿಯ, ಅವರಿಗೂ ಅಳಿಯ. ಹಿಂದೆ ದಾರಿ ತೋರಿಸುತ್ತಿದ್ದವರು ಅವರೇ. ಅವರ ಕೈ ಹಿಡಿಯದೆ ಈ ಬೆಟ್ಟ ಹತ್ತಿದ ಯಾತ್ರಿಕ ಇರಲಿಕ್ಕಿಲ್ಲ. 1882ರ ಮದ್ರಾಸ್ ಅರಣ್ಯ ಕಾಯ್ದೆ ಕಾಡನ್ನು ಮೀಸಲು ಮಾಡಿ ಸರ್ಕಾರದ್ದಾಗಿಸಿತು. ಆಮೇಲೆ ಅಭಯಾರಣ್ಯ, ಆಮೇಲೆ ಹುಲಿ. ಒಂದೊಂದು ಕಾಯ್ದೆ ಬಂದಾಗಲೂ ಅಳಿಯನ ಮನೆಯ ಅಂಗಳದಲ್ಲಿ ಅವರ ಜಾಗ ಕಿರಿದಾಗುತ್ತ ಬಂತು. ಎರಡು ದಿನ ನಡೆದು ಹೋಗುವ ನಮಗೆ ದಾರಿ ತೆರೆದುಕೊಡುತ್ತಾರೆ. ಇಲ್ಲೇ ಹುಟ್ಟಿದವರು ಜೇನಿಗೆ ಹೋಗಲೂ ಯಾರನ್ನೋ ಕೇಳಬೇಕು.

ಗೂಡೆಂನ ಹುಡುಗಿಯೊಬ್ಬಳು ನೀರು ತಂದುಕೊಟ್ಟು, ನನ್ನ ಚೀಲದಿಂದ ಇಣುಕುತ್ತಿದ್ದ ಸೀರೆಯ ಅಂಚು ಮುಟ್ಟಿ ನೋಡಿದಳು. ಅವಳ ಹೆಸರು ಕೇಳಿದೆ. ಮಲ್ಲಮ್ಮ ಎಂದಳು.

ಏಳನೆಯ ದಿನ: ಪೆಚ್ಚೆರುವು, ಭೀಮುನಿ ಕೊಲನು

ಅಮಾವಾಸ್ಯೆ ಹತ್ತಿರ, ರಾತ್ರಿಯ ಕತ್ತಲು ಅಂದರೆ ಕತ್ತಲು. ಎರಡು ಗಂಟೆಗೇ ಎದ್ದು ಟಾರ್ಚು ಹಿಡಿದು ಹೊರಟೆವು. ಮುಂದಿನವರು "ಮಲ್ಲಯ್ಯಾ" ಎಂದರೆ ಹಿಂದಿನವರು "ಚೆನ್ನಮಲ್ಲಯ್ಯಾ" ಎನ್ನಬೇಕು. ಯಾರೂ ತಪ್ಪಿಲ್ಲ ಎಂಬ ಲೆಕ್ಕವೂ ಅದೇ. ಪೆಚ್ಚೆರುವಿನಲ್ಲಿ ಕೆರೆಯ ದಂಡೆಗೆ ರೊಟ್ಟಿ, ಶೇಂಗಾ ಚಟ್ನಿ ಉಂಡು ಮಧ್ಯಾಹ್ನವೆಲ್ಲ ಮರದಡಿ ಬಿದ್ದುಕೊಂಡೆವು.

ಭೀಮುನಿ ಕೊಲನಿನ ಕಣಿವೆಗೆ ಇಳಿಯುವ ಕಡೆ ಹಳೆಯ ಕಲ್ಲುಮೆಟ್ಟಿಲು ಶುರುವಾಗುತ್ತವೆ. ನಾನು ನೋಡಲು ಬಂದದ್ದೇ ಇವುಗಳನ್ನು. 1323ರಲ್ಲಿ ಓರುಗಲ್ಲು, ಈಗಿನ ವಾರಂಗಲ್, ಬಿದ್ದು ಕಾಕತೀಯರ ರಾಜ್ಯ ಚೂರಾದಾಗ, ಅದ್ದಂಕಿಯಲ್ಲಿ ತಲೆ ಎತ್ತಿದವನು ಪ್ರೋಲಯ ವೇಮಾರೆಡ್ಡಿ. ಅವನ ಹಿಂದೆ ಹಳೆಯ ರಾಜವಂಶವಿರಲಿಲ್ಲ. ಅವನು ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದ. ಅವನ ವಂಶದ ಶಾಸನಗಳು ಯುದ್ಧದ ಗೆಲುವಿನ ಜೊತೆಗೆ ಈ ಮೆಟ್ಟಿಲುಗಳನ್ನೂ ಬಿರುದಿನಂತೆ ಹೇಳಿಕೊಂಡವು. ಹೊಸ ದೊರೆ ತಾನು ದೊರೆ ಎಂದು ತೋರಿಸಲು ಕೋಟೆಗಿಂತ ಇದು ಒಳ್ಳೆಯ ಉಪಾಯ. ಕೋಟೆಯನ್ನು ದಂಡು ನೋಡುತ್ತದೆ, ಮೆಟ್ಟಿಲನ್ನು ಬಡವರೂ ತುಳಿಯುತ್ತಾರೆ. ನನಗೆ ಅವನ ಮೇಲೆ ಕೃತಜ್ಞತೆಯೇ ಬಂತು. ಆರುನೂರ ಎಪ್ಪತ್ತು ವರ್ಷ ದಾಟಿದರೂ ನನ್ನ ಮೊಣಕಾಲಿಗೆ ಆಧಾರ ಕೊಟ್ಟ ಕಲ್ಲದು.

ಇಲ್ಲಿ ಕೂತಾಗ ಅಕ್ಕ ನೆನಪಾಗದೆ ಇರುತ್ತಾಳೆಯೇ? ಉಡುತಡಿಯ ದೊರೆ ಕೌಶಿಕನ ಅರಮನೆ ಬಿಟ್ಟು, ಕಲ್ಯಾಣ ದಾಟಿ, ಚೆನ್ನಮಲ್ಲಿಕಾರ್ಜುನನನ್ನು ಹುಡುಕಿ ಇದೇ ನಲ್ಲಮಲ ಹೊಕ್ಕವಳು. ಅವಳು ಬಂದದ್ದು 12ನೆಯ ಶತಮಾನದಲ್ಲಿ, ವೇಮಾರೆಡ್ಡಿಯ ಮೆಟ್ಟಿಲಿಗಿಂತ ಎರಡು ಶತಮಾನ ಮೊದಲು. ಯಾವ ದೊರೆಯ ಕಲ್ಲೂ ಅವಳ ಕಾಲಡಿ ಇರಲಿಲ್ಲ. ದೊರೆಯನ್ನೇ ಒಲ್ಲೆನೆಂದು ಹೊರಟವಳಿಗೆ ಇರಬೇಕಾಗಿಯೂ ಇರಲಿಲ್ಲ.

ಎಂಟನೆಯ ದಿನ: ಕೈಲಾಸದ್ವಾರ, ಶ್ರೀಶೈಲ

ಕೊಲನಿನಿಂದ ಕೈಲಾಸದ್ವಾರಕ್ಕೆ ಏರು. ಹತ್ತು ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತಿದೆ. ಕೆಲವು ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದರು. ಮೇಲೆ ಬಂದವರಿಗೆ ಡಾಂಬರು ರಸ್ತೆ, ಹೋಟೆಲು, ಬಸ್ಸಿನ ಹಾರ್ನು ಒಮ್ಮೆಲೇ ಎದುರಾಗುತ್ತವೆ. ಹಾಟಕೇಶ್ವರದಿಂದ ಊರಿನವರೆಗೆ ಜನವೋ ಜನ.

ಅಜ್ಜಿ ಹೇಳುತ್ತಿದ್ದ ಒಂದು ಮಾತಿತ್ತು: ಧೂಳಿ ದರ್ಶನ. ನಡೆದು ಬಂದವರು ಸ್ನಾನಕ್ಕೂ ಕಾಯದೆ, ಕಾಲಿನ ಧೂಳಿನ ಸಮೇತ ಒಳಗೆ ಹೋಗಿ ಲಿಂಗಕ್ಕೆ ತಲೆ ತಾಗಿಸಬಹುದು. ಯಾವ ಜಾತಿ, ಯಾವ ಊರು ಎಂದು ಕೇಳುವಂತಿಲ್ಲ. ಮಗಳ ಮನೆಗೆ ಬಂದ ತವರಿನವರನ್ನು ಹೊಸ್ತಿಲಲ್ಲಿ ನಿಲ್ಲಿಸುತ್ತಾರೆಯೇ? ಈಗ ಕಬ್ಬಿಣದ ಕಂಬಿಗಳ ನಡುವೆ ಸಾಲು. ಉಚಿತ, ಶೀಘ್ರ, ಅತಿ ಶೀಘ್ರ ಎಂದು ಸಾಲಿನಲ್ಲೇ ಭೇದ. ಜನ ಹೆಚ್ಚಿರುವುದರಿಂದ ದೂರದಿಂದ ಅಲಂಕಾರ ದರ್ಶನ ಮಾತ್ರ ಎಂದು ಮೈಕಿನಲ್ಲಿ ಕನ್ನಡದಲ್ಲೂ ಹೇಳುತ್ತಿದ್ದರು. ಜನ ಹೆಚ್ಚಿರುವುದು ನಿಜ, ಕಾಲ್ತುಳಿತವಾದರೆ ಯಾರು ಹೊಣೆ ಎಂಬುದೂ ನಿಜ. ಆದರೂ ಎಂಟು ದಿನದ ಧೂಳನ್ನು ಕಾಲಲ್ಲಿಟ್ಟುಕೊಂಡು ದುಡ್ಡಿನ ಸಾಲನ್ನು ನೋಡುತ್ತ ನಿಂತಾಗ ನನಗೆ ಅಳು ಬಂತು.

ಸಾಲಿನಲ್ಲಿ ಐದು ತಾಸು. ನೋಟ್‌ಬುಕ್ಕಿಗೆ ಬೇಕಾದಷ್ಟು ಹೊತ್ತು. ಒಳಗಿನ ವೀರಶಿರೋಮಂಟಪ ಅದೇ ರೆಡ್ಡಿ ವಂಶದ ಅನವೇಮಾರೆಡ್ಡಿ ಕಟ್ಟಿಸಿದ್ದು. ಕೈಯನ್ನೋ ತಲೆಯನ್ನೋ ಕಡಿದು ದೇವರಿಗೆ ಒಪ್ಪಿಸುವ ವೀರರಿಗಾಗಿ. ಆ ವೀರಾವೇಶ ಯುದ್ಧಕ್ಕೆ ಆಳು ಬೇಕಾದ ರಾಜ್ಯಕ್ಕೆ ಎಷ್ಟು ಒದಗಿತೋ! ರಥಬೀದಿಯ ಸಾಲುಮಂಟಪಗಳು ಕೃಷ್ಣದೇವರಾಯ ಒಡಿಶಾದ ಗಜಪತಿಯ ಮೇಲೆ ದಂಡೆತ್ತಿ ಹೋದ ವರ್ಷಗಳವು. ಉತ್ತರದ ಗೋಪುರ ಶಿವಾಜಿಯದು ಎನ್ನುತ್ತಾರೆ. ಊರಲ್ಲಿ ಈಗ ಶಿವಾಜಿಯ ಸ್ಫೂರ್ತಿ ಕೇಂದ್ರವಿದೆ, 2025ರ ಅಕ್ಟೋಬರ್ 16ರಂದು ಪ್ರಧಾನಿ ನರೇಂದ್ರ ಮೋದಿ ಗುಡಿಯ ಜೊತೆಗೆ ಅಲ್ಲಿಗೂ ಹೋಗಿದ್ದರು. ಯಾತ್ರಿಕರ ಅನುಕೂಲಕ್ಕೆ ಕೇಂದ್ರದ ಪ್ರಸಾದ್ ಯೋಜನೆಯಲ್ಲಿ 43 ಕೋಟಿ ರೂಪಾಯಿಯ ಕೆಲಸವಾಗಿದೆ, 2022ರ ಡಿಸೆಂಬರ್ 26ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಶಿವಾಜಿ ಶ್ರೀಶೈಲಕ್ಕೆ ಬಂದದ್ದು ಕುತುಬ್‌ಶಾಹನ ಹಣ, ಸ್ನೇಹ ಎರಡನ್ನೂ ಜೊತೆಗಿಟ್ಟುಕೊಂಡು. ಈ ಮಾತನ್ನು ಮಕ್ಕಳಿಗೆ ಹೇಳುವವರು ಈಗ ಕಡಿಮೆ.

ದಾರಿ ಮಾಡಿದ ಕೈ ಬಾಗಿಲನ್ನೂ ಮಾಡುತ್ತದೆ. ನನಗೆ ಇದು ಹೊಳೆದದ್ದು ಅಂಗಡಿ ಸಾಲು ನೋಡಿದಾಗ. 2015ರಲ್ಲಿ ರಾಜ್ಯ ಸರ್ಕಾರ, ಗುಡಿಯ ಅಂಗಡಿಗಳ ಹರಾಜಿನಲ್ಲಿ ಹಿಂದೂಗಳಲ್ಲದವರು ಭಾಗವಹಿಸುವಂತಿಲ್ಲ ಎಂದು ಆದೇಶ ಹೊರಡಿಸಿತು. ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟು, ಧರ್ಮದ ಕಾರಣಕ್ಕೆ ಯಾರನ್ನೂ ಹರಾಜಿನಿಂದ ಹೊರಗಿಡಬಾರದು ಎಂದಿತು. ಕುಂಕುಮ, ಬಳೆ, ಆಟಿಕೆ ಮಾರಿ ಇದೇ ಬೆಟ್ಟದ ಮೇಲೆ ಬದುಕಿದ ಮುಸ್ಲಿಂ ಅಂಗಡಿಯವರ ಪಾಡು ಅದು. ನಮ್ಮಜ್ಜಿ ಉಡಿಗೆ ಹಾಕಿದ ಬಳೆಗಳು ಆದೋನಿಯ ಬಳೆಗಾರ ಸಾಬರ ಮಲಾರದವು. ಮಲ್ಲಯ್ಯ ಅದನ್ನು ಬೇಡವೆಂದಿರಲಿಲ್ಲ.

ಇನ್ನೊಂದು ಬಾಗಿಲು ಭಾಷೆಯದು. 2022ರ ಮಾರ್ಚ್ 30ರ ರಾತ್ರಿ ಇಲ್ಲಿ ಕರ್ನಾಟಕದ ಭಕ್ತರಿಗೂ ಅಂಗಡಿಯವರಿಗೂ ಜಗಳವಾಗಿ, ನಮ್ಮ ಕಡೆಯ ಹುಡುಗನಿಗೆ ಪೆಟ್ಟಾಯಿತು, ಅಂಗಡಿಗಳು, ಗಾಡಿಗಳು ಪುಡಿಯಾದವು. ಕರ್ನಾಟಕದವರು, ಆಂಧ್ರದವರು ಎಂದು ಮಾತು ಬೆಳೆಯಿತು. ಕನ್ನಡ ಮಾತಾಡುವ ಆಂಧ್ರದವಳಾದ ನಾನು ಆ ಮಾತಿನ ಯಾವ ಕಡೆ ನಿಲ್ಲಲಿ?

ಸೀರೆಯನ್ನು ಒಪ್ಪಿಸುವ ಸರದಿ ರಾತ್ರಿ ಎಂಟಕ್ಕೆ ಬಂತು. ಉತ್ಸವದಲ್ಲಿ ಸರ್ಕಾರದ ಪರವಾಗಿಯೂ ಅಮ್ಮನಿಗೆ ಪಟ್ಟುವಸ್ತ್ರ ತರುವ ರೂಢಿಯಿದೆ, ವಾದ್ಯ ಮೇಳದೊಂದಿಗೆ, ತಲೆಯ ಮೇಲೆ ಹೊತ್ತು. ಹಿಂದೆ ಅರಸರು ತಂದರು, ಈಗ ಸರ್ಕಾರ ತರುತ್ತದೆ. ತವರು ತಾನೇ ಎಂದು ಹೇಳಿಕೊಳ್ಳುವ ಆಸೆ ಎಲ್ಲ ದೊರೆಗಳಿಗೂ. ನಾನು ಎಮ್ಮಿಗನೂರಿನ ನೂಲಿನ ಸೀರೆ, ಕೊಬ್ಬರಿ, ಬಳೆ ಕೊಟ್ಟೆ. ಒಳಗಿನವರು ಅದನ್ನು ಅಮ್ಮನ ಕಡೆ ಒಮ್ಮೆ ಎತ್ತಿ ತೋರಿಸಿ ರಾಶಿಗೆ ಸೇರಿಸಿದರು. ಎತ್ತಿದ ಆ ಗಳಿಗೆಯಲ್ಲಿ ಕೆಂಪು ಅಂಚು ದೀಪಕ್ಕೆ ಹೊಳೆದದ್ದನ್ನು ಕಂಡೆ.

ಯುಗಾದಿ: ಪಾತಾಳಗಂಗೆ

ಬೆಳಿಗ್ಗೆ ಬೇವು ಬೆಲ್ಲ ತಿಂದು ಪಾತಾಳಗಂಗೆಗೆ ಇಳಿದೆ. ಇಳಿಯಲು ರೋಪ್‌ವೇ ಇದೆ, ನಾನು ಮೆಟ್ಟಿಲನ್ನೇ ಹಿಡಿದೆ. ಈ ಇಳಿಜಾರಿಗೆ ಮೆಟ್ಟಿಲು ಮಾಡಿಸಿದವರಲ್ಲಿ ಒಬ್ಬ ಹೆಂಗಸಿದ್ದಾಳೆ, ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆ. ಅರಸರ ಸಾಲಿನಲ್ಲಿ ಅವಳ ಹೆಸರನ್ನು ನಾನು ಮಕ್ಕಳಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದೆ.

ಅಜ್ಜಿ ಇಲ್ಲಿ ಮೆಟ್ಟಿಲು ಎಣಿಸಿದ್ದಳಂತೆ. ಎಷ್ಟು ಎಂದು ಅವ್ವನಿಗೆ ಹೇಳಿದ್ದಳು, ಅವ್ವ ಮರೆತಳು. ಅವಳು ಎಣಿಸಿದ ಕೆಳಗಿನ ಮೆಟ್ಟಿಲುಗಳು ಈಗ ಅಣೆಕಟ್ಟಿನ ಹಿನ್ನೀರಿನಲ್ಲಿವೆ. ನೀರಿನ ಅಂಚಿಗೆ ಬಂದು ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ಒಂದು ಕಾಲು ಇಳಿಸಿದೆ. ಕಲ್ಲು ಸಿಕ್ಕಿತು. ಇನ್ನೊಂದು ಕಾಲು ಇಳಿಸಿದೆ, ಅಲ್ಲೂ ಕಲ್ಲು ಇತ್ತು. ಪಕ್ಕದಲ್ಲಿ ಮೀಯುತ್ತಿದ್ದ ಬಾಗಲಕೋಟೆ ಕಡೆಯ ಹೆಂಗಸು ನನ್ನ ರಟ್ಟೆ ಹಿಡಿದುಕೊಂಡು, "ಸಾಕ್ರೀ ಅಕ್ಕಾರ, ಮುಂದ ಆಳ ಐತಿ" ಎಂದಳು.